ಈ 99 ಯಾರ ವಯಸ್ಸು?

ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಳೇ ಎಕ್ಸೆಲ್ ಫೈಲ್ ತೆರೆದು ಕೂತಿದ್ದೆವು. ಹಳ್ಳಿ ಹಳ್ಳಿ ತಿರುಗಿ ಮಾಡಿದ ಆರೋಗ್ಯ ಸಮೀಕ್ಷೆ ಅದು. ವಯಸ್ಸಿನ ಕಾಲಂನಲ್ಲಿ ಸಾಲು ಸಾಲಾಗಿ 99. ಉತ್ತರ ಸಿಗದ ಕಡೆ ಹಾಗೆ ಹಾಕಿರಬೇಕು ಅಂದುಕೊಂಡೆವು. ಆದರೆ ಅದರಲ್ಲಿ ಒಬ್ಬರಾದರೂ ನಿಜವಾಗಿ 99 ವರ್ಷದ ಅಜ್ಜಿ ಇದ್ದಿದ್ದರೆ? ಪಕ್ಕದ ಕಾಲಂ ಹೆಸರು ‘ಹೊಸದು 2’. ಬಿಡಿಸಿ ಹೇಳಬೇಕಾದ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋಗಿ ನಾಲ್ಕು ವರ್ಷವಾಗಿತ್ತು.

ಸಂಶೋಧನೆಯ ಡೇಟಾವನ್ನು ಬೇರೆಯವರ ಜತೆ ಹಂಚಿಕೊಳ್ಳಬೇಕೆಂಬ ನಿಯಮ ಬಂದ ಕೂಡಲೇ ಸಂಸ್ಥೆಗಳು ನನ್ನನ್ನು ಕೇಳುವುದು ಎಷ್ಟು ದೊಡ್ಡ ಸರ್ವರ್ ಬೇಕು ಅಂತ. ಆ 99ರ ಅರ್ಥ ಬರೆದಿಡದಿರುವುದಕ್ಕೆ ಹೋಲಿಸಿದರೆ ಜಾಗ ಅಷ್ಟು ದೊಡ್ಡ ತೊಂದರೆಯಲ್ಲ. ಸಂಶೋಧನಾ ಡೇಟಾ ಇಡುವ ಆನ್‌ಲೈನ್ ಭಂಡಾರ ಝೆನೊಡೊದಲ್ಲಿ ಒಂದು ದಾಖಲೆಗೆ 50 ಜಿಬಿ ತನಕ ಉಚಿತ. ಜೀವವಿಜ್ಞಾನದ ಡೇಟಾಗೆ ಫರೀದಾಬಾದಿನಲ್ಲಿ 2022ರಿಂದ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಇದೆ.

ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2023ರ ಜನವರಿ 25ರಿಂದ ಅನುದಾನದ ಅರ್ಜಿಯ ಜತೆಗೇ, ಡೇಟಾವನ್ನು ಹೇಗೆ ಕಾಪಾಡಿ ಹಂಚಿಕೊಳ್ಳುತ್ತೀರಿ ಎಂಬ ಯೋಜನೆ ಕೇಳುತ್ತಿದೆ. ಆ ಹಣದಲ್ಲಿ ಕೆಲಸ ಮಾಡುವ ನಮ್ಮ ತಂಡಗಳೂ ಇದಕ್ಕೆ ತಯಾರಾಗಬೇಕು. ಪ್ರಬಂಧ ಪ್ರಕಟವಾದಾಗ ಅಥವಾ ಅನುದಾನ ಮುಗಿದಾಗ, ಯಾವುದು ಮೊದಲೋ ಅಷ್ಟರೊಳಗೆ ಡೇಟಾ ಹಂಚಿಕೊಳ್ಳಬೇಕು. ಆ ಯೋಜನೆಯನ್ನು ಬೇರೆಯವರ ಅರ್ಜಿಯಿಂದ ನಕಲು ಮಾಡಬೇಡಿ. ಡೇಟಾ ಸಿದ್ಧಪಡಿಸುವ ಖರ್ಚನ್ನು ಬಜೆಟ್‌ನಲ್ಲೇ ಕೇಳಬಹುದು. ಎಷ್ಟೋ ಜನ ಕೇಳುವುದೇ ಇಲ್ಲ.

ನನಗೆ ಜಾಸ್ತಿ ಚಿಂತೆ ಸಮೀಕ್ಷೆಗೆ ಉತ್ತರಿಸುವವರ ಒಪ್ಪಿಗೆ ಪತ್ರದ್ದು. ‘ನಿಮ್ಮ ಮಾಹಿತಿಯನ್ನು ನಮ್ಮ ತಂಡ ಬಿಟ್ಟು ಯಾರಿಗೂ ತೋರಿಸುವುದಿಲ್ಲ’ ಎಂದು ಬರೆದು ಸಹಿ ಹಾಕಿಸಿಕೊಂಡಿದ್ದರೆ, ಆಮೇಲೆ ಯಾವ ನಿಯಮ ಬಂದರೂ ಆ ಮಾತು ಮೀರುವಂತಿಲ್ಲ. ಹಾಗಾಗಿ ಮೊದಲ ಮನೆ ಬಾಗಿಲು ತಟ್ಟುವ ಮುಂಚೆಯೇ ಆ ವಾಕ್ಯ ನೋಡಿ. ಹೆಸರು ಅಳಿಸಿದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ಸಣ್ಣ ಊರು, ವಯಸ್ಸು, ಕಸುಬು, ಅಪರೂಪದ ಕಾಯಿಲೆ, ಇಷ್ಟು ಗೊತ್ತಾದರೆ ಅದು ಯಾರೆಂದು ಊರವರಿಗೆ ತಿಳಿಯುವುದಿಲ್ವಾ? ಅಂಥ ಡೇಟಾವನ್ನು ಎಲ್ಲರಿಗೂ ತೆರೆದಿಡಬೇಕಿಲ್ಲ. ಅರ್ಜಿ ಹಾಕಿ, ಷರತ್ತಿಗೆ ಒಪ್ಪಿದವರಿಗೆ ಮಾತ್ರ ಕೊಡುವ ವ್ಯವಸ್ಥೆ ಮಾಡಬಹುದು. ಎನ್‌ಐಎಚ್ ಕೂಡ ಸರಿಯಾದ ಕಾರಣ ಕೊಟ್ಟರೆ ಇಂಥ ಮಿತಿಯನ್ನು ಒಪ್ಪುತ್ತದೆ.

ಆ ಸಂಸ್ಥೆಯಲ್ಲಿ ನಾವು ಮಾಡಿದ ಮೊದಲ ಬದಲಾವಣೆ, ಸಂಸ್ಥೆ ಬಿಟ್ಟು ಹೋಗುವವರು ತುಂಬುವ ‘ನೋ ಡ್ಯೂಸ್’ ಫಾರಂನಲ್ಲಿ. ಲೈಬ್ರರಿ, ಹಾಸ್ಟೆಲ್, ಲ್ಯಾಬ್‌ಗಳ ಸಹಿ ಕೆಳಗೆ ಇನ್ನೊಂದು ಸಾಲು ಸೇರಿಸಿದೆವು: ಪ್ರತಿ ಕಾಲಂನ ಅರ್ಥ, ಅಳತೆ, ಬಳಸಿದ 99ರಂಥ ಕೋಡ್ ಸಂಖ್ಯೆ ಬರೆದ ಪಟ್ಟಿಯನ್ನು ತಂಡದ ಇನ್ನೊಬ್ಬರು ಓದಿ ಸಹಿ ಹಾಕಬೇಕು. ಮೊನ್ನೆ ಹೋದಾಗ ಇಬ್ಬರು ಹುಡುಗಿಯರು ಪಟ್ಟಿ ಹಿಡಿದು ಕೂತಿದ್ದರು.

‘ಇದೇನೇ, 88?’

‘ಹೇಳೋಕೆ ಇಷ್ಟ ಇಲ್ಲ ಅಂದವರು.’

‘ಹಾಗಂತ ಬರಿ ಮತ್ತೆ.’