ಬೇಸಿಗೇಲಿ ಕೆರೆ ಒಣಗಿದ್ರೆ ಗಾಬರಿ ಆಗ್ಬೇಡಿ

ಏಪ್ರಿಲ್ ತಿಂಗಳು, ಮಳೆ ಇಲ್ಲ, ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ರೇಟು ಏರಿದೆ, ಆದ್ರೆ ಬೆಂಗಳೂರಲ್ಲಿ ನಿಮ್ಮ ಏರಿಯಾದ ಕೆರೆ ಮಾತ್ರ ಕೋಡಿ ಮಟ್ಟಕ್ಕೆ ತುಂಬಿ ನಿಂತಿದೆ. ನೋಡಿದ್ರೆ ಖುಷಿ ಆಗುತ್ತೆ, ಸಂಜೆ ವಾಕಿಂಗ್ ಹೋದವರು ಫೋಟೋ ಹಾಕ್ತಾರೆ, ಕೆರೆ ಚೆನ್ನಾಗಿದೆ ಅಂತಾನೂ ಅಂತಾರೆ. ಆದ್ರೆ ಮಳೆ ಬೀಳದೆ ನೀರು ಬಂದಿದ್ದು ಎಲ್ಲಿಂದ? ಹೆಚ್ಚಿನ ಕಡೆ ಉತ್ತರ ಒಂದೇ, ನಮ್ಮ ಬಚ್ಚಲಿಂದ, ಟಾಯ್ಲೆಟ್‌ನಿಂದ. ಬಯಲುಸೀಮೆ ಕೆರೆ ವರ್ಷಪೂರ್ತಿ ತುಂಬಿದೆ ಅಂದ್ರೆ ಅದು ಆರೋಗ್ಯದ ಲಕ್ಷಣ ಅಲ್ಲ, ತುಂಬ ಸಲ ಕಾಯಿಲೆ ಲಕ್ಷಣ. ಇದನ್ನ ಹೇಳಿದ್ರೆ ಜನ ನಂಬಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದೀನಿ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆ ಮೇಲೆ ಕೂತಿರೋ ಊರು. ಇಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತೆ, ಇನ್ನೊಂದು ಕಡೆ ಹೆಬ್ಬಾಳ ಮತ್ತೆ ಕೋರಮಂಗಲ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತೆ. ವರ್ಷವಿಡೀ ಹರಿಯೋ ನದಿ ಹತ್ರದಲ್ಲೆಲ್ಲೂ ಇಲ್ಲ. ಅದಕ್ಕೇ ಹಿಂದಿನವರು ತಗ್ಗಿಗೆ ಅಡ್ಡಲಾಗಿ ಏರಿ ಕಟ್ಟಿ, ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ಆ ನೀರು ಕಾಲುವೇಲಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಅನ್ನೋ ಹಾಗೆ ಸರಣಿ ಮಾಡಿದ್ರು. ತೂಬು, ಅಂದ್ರೆ ಕೆರೆಯಿಂದ ನೀರು ಬಿಡೋ ಬಾಗಿಲು, ಎತ್ತಿ ಕೆಳಗಿನ ಗದ್ದೆಗಳಿಗೆ (ಅಚ್ಚುಕಟ್ಟಿಗೆ) ಎಷ್ಟು ನೀರು ಬಿಡಬೇಕು ಅಂತ ನೋಡಿಕೊಳ್ಳೋಕೆ ನೀರುಗಂಟಿ ಇರ್ತಿದ್ದ.

ಈ ವ್ಯವಸ್ಥೇಲಿ ಕೆರೆ ಖಾಲಿ ಆಗೋದು ಕೆಲಸದ ಒಂದು ಭಾಗ. ಮಳೆಗಾಲದಲ್ಲಿ ತುಂಬೋದು, ಭತ್ತಕ್ಕೆ ನೀರು ಬಿಡೋದು, ಬಿಸಿಲಿಗೆ ಒಂದಷ್ಟು ಆವಿ ಆಗೋದು, ಒಂದಷ್ಟು ಇಂಗಿ ಸುತ್ತಲಿನ ಬಾವಿಗೆ ಹೋಗೋದು. ಬೇಸಿಗೆ ಹೊತ್ತಿಗೆ ದೊಡ್ಡ ಕೆರೆಗಳಲ್ಲಿ ಏರಿ ಪಕ್ಕ ಮಾತ್ರ ಒಂಚೂರು ನೀರು ಉಳೀತಿತ್ತು, ಸಣ್ಣವು ಪೂರ್ತಿ ಒಣಗ್ತಿದ್ವು. ಆಗ ರೈತರು ಗಾಡಿ ಕಟ್ಟಿಕೊಂಡು ಬಂದು ಹೂಳು ತುಂಬಿಕೊಂಡು ಹೋಗ್ತಿದ್ರು, ಹೊಲಕ್ಕೆ ಒಳ್ಳೆ ಗೊಬ್ಬರ, ಕೆರೆಗೆ ಆಳ, ಎರಡೂ ಒಂದೇ ಕೆಲಸದಲ್ಲಿ.

ಒಣಗಿದ ಕೆರೆ ಅಂದ್ರೆ ಸತ್ತ ಕೆರೆ ಅಂತ ಅಂದ್ಕೊಳ್ತೀವಿ, ಆದ್ರೆ ಅಲ್ಲಿ ನಡಿಯೋದು ನಿಜಕ್ಕೂ ಸೋಜಿಗ. ನೀರಡೀಲಿ ಕೂತಿದ್ದ ಕೆಸರು ಬಿರುಕು ಬಿಟ್ಟಾಗ ಅದರೊಳಗೆ ಗಾಳಿ ಹೋಗುತ್ತೆ, ಕೊಳೆತ ಎಲೆ ಗಿಲೆ ಎಲ್ಲ ಆಕ್ಸಿಜನ್ ಸಿಕ್ಕಿ ಬೇಗ ಮಣ್ಣಾಗುತ್ತೆ. ನೀರುಚಿಗಟದಂಥ ಸಣ್ಣ ಜೀವಿಗಳು ಗಟ್ಟಿ ಸಿಪ್ಪೆಯ ಮೊಟ್ಟೆ ಇಟ್ಟು ಹೋಗಿರ್ತವೆ, ಅವು ಒಣ ಮಣ್ಣಲ್ಲೇ ಕಾದಿದ್ದು ನೀರು ಬಂದ ತಕ್ಷಣ ಒಡೀತವೆ. ಬಿಲ ತೋಡಿ ಮಲಗಿದ್ದ ಕಪ್ಪೆಗಳು ಮೊದಲ ಜೋರು ಮಳೆಗೆ ಎದ್ದು ಬರ್ತವೆ. ಇನ್ನು ನೀರು ನಿಧಾನಕ್ಕೆ ಹಿಂದೆ ಸರೀತಾ ಹೋದಾಗ ಅಂಚಲ್ಲಿ ಅಗಲಕ್ಕೆ ಕೆಸರು ಬಯಲು ಬಿಡುತ್ತಲ್ಲ, ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಬರೋ ಗದ್ದೆಗೊರವಗಳಿಗೆ ಊಟ ಸಿಗೋದು ಅಲ್ಲೇ, ಕಾಲು ಮುಳುಗುವಷ್ಟು ನೀರು, ಕೊಕ್ಕು ಇಳಿಯುವಷ್ಟು ಮೆತ್ತನೆ ಮಣ್ಣು. ಹೊನಗೊನ್ನೆ ಸೊಪ್ಪು, ಒಂದೆಲಗ ಬೆಳೆಯೋದೂ ಇಂಥಾ ತೇವದ ಅಂಚಲ್ಲೇ.

ಇದೆಲ್ಲ ತಲೆಕೆಳಗಾಗಿದ್ದು ನೀರು ದೂರದಿಂದ ಬರೋಕೆ ಶುರುವಾದ ಮೇಲೆ. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, ಆಮೇಲೆ 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತರೋ ನೀರು ಅದು. 2024ರ ಅಕ್ಟೋಬರಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ ಒಟ್ಟು ಸುಮಾರು 222 ಕೋಟಿ ಲೀಟರ್ ತರೋ ಸಾಮರ್ಥ್ಯ ಇದೆ. ಮನೆಗೆ ಬಂದ ನೀರಲ್ಲಿ ಸುಮಾರು ಶೇಕಡ 80 ಕೊಳಚೆಯಾಗಿ ಹೊರಗೆ ಹೋಗುತ್ತೆ ಅನ್ನೋದು ಇಂಜಿನಿಯರ್‌ಗಳು ಬಳಸೋ ಲೆಕ್ಕ. ಈ ನೀರೂ ಹೋಗೋದು ಇಳಿಜಾರಿಗೇ ತಾನೆ? ಒಳಚರಂಡಿ ಪೈಪಲ್ಲಿ ಹಿಡಿದು ಶುದ್ಧ ಮಾಡದೇ ಬಿಟ್ಟಿದ್ದೆಲ್ಲ ರಾಜಕಾಲುವೆ ಹಿಡಿದು ಕೆರೆಗೇ ಬರುತ್ತೆ. ಅದರಲ್ಲಿ ಒಂದು ಪಾಲು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತೆ, ಅಂದ್ರೆ ಕರೆಂಟ್ ಸುಟ್ಟು ಕಾವೇರಿಯಿಂದ ಮೇಲೆತ್ತಿದ ನೀರನ್ನ ಗಲೀಜು ಮಾಡಿ ಇನ್ನೊಂದು ನದಿ ಕಣಿವೆಗೆ ಸುರೀತಿದೀವಿ.

ಕೆರೆ ಒಳಗೆ ಆಗೋದು ಇಷ್ಟು. ಕೊಳಚೆ ಜೊತೆ ಬರೋ ನೈಟ್ರೋಜನ್, ಫಾಸ್ಫರಸ್ ತಿಂದು ಪಾಚಿ, ಅಂತರಗಂಗೆ ಎರ್ರಾಬಿರ್ರಿ ಬೆಳೀತವೆ. ಹಗಲಲ್ಲಿ ಪಾಚಿ ಆಕ್ಸಿಜನ್ ಬಿಡುತ್ತೆ, ರಾತ್ರಿ ಅದೇ ಪಾಚಿ ಮತ್ತೆ ಬ್ಯಾಕ್ಟೀರಿಯಾ ಸೇರಿ ಅದನ್ನ ಕುಡಿದು ಮುಗಿಸ್ತವೆ. ನಮ್ಮ ಹವೆಗೆ ಒಳ್ಳೆ ನೀರಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ ಕರಗಿರುತ್ತೆ, ಅದು 2ಕ್ಕಿಂತ ಕೆಳಗೆ ಇಳಿದ್ರೆ ಹೆಚ್ಚಿನ ಮೀನು ಬದುಕಲ್ಲ. 2016ರ ಮಾರ್ಚಲ್ಲಿ ಹಲಸೂರು ಕೆರೇಲಿ ರಾಶಿ ರಾಶಿ ಮೀನು ತೇಲಿದ್ದು ನೆನಪಿರಬಹುದು. ಡಿಟರ್ಜೆಂಟ್ ಅಂಶ ಕೂಡ ಆಕ್ಸಿಜನ್ ಇಲ್ಲದ ನೀರಲ್ಲಿ ಸರಿಯಾಗಿ ವಿಘಟನೆ ಆಗಲ್ಲ, ಹಾಗೇ ಉಳಿದು ಕೋಡೀಲಿ ಧುಮುಕುವಾಗ ಗಾಳಿ ಸೇರಿ ನೊರೆ ಆಗುತ್ತೆ. ಬೆಳ್ಳಂದೂರಿನ ಬಿಳಿ ನೊರೆ ರಸ್ತೆಗೆ ಹಾರಿದ್ದು ಹೀಗೇ.

ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆದ ಧರ್ಮಾಂಬುಧಿ, ಕಂಠೀರವ ಸ್ಟೇಡಿಯಂ ಆದ ಸಂಪಂಗಿ ಕೆರೆ ಕತೆ ಎಲ್ಲರಿಗೂ ಗೊತ್ತು, ಅದನ್ನ ಮತ್ತೆ ಹೇಳಲ್ಲ. ನಂಗೆ ಈಗ ಜಾಸ್ತಿ ಸಂಕಟ ಆಗೋದು ಉಳಿದ ಕೆರೆಗಳನ್ನ ನಾವು ‘ಅಭಿವೃದ್ಧಿ’ ಮಾಡೋ ರೀತಿ ನೋಡಿ. ಜೆಸಿಬಿ ಇಳಿಸಿ ಅಂಗಳ ಪೂರ್ತಿ ಆಳಕ್ಕೆ ಅಗೆದು, ಸುತ್ತ ಕಡಿದಾದ ಏರಿ ಹಾಕಿ, ಮೇಲೆ ವಾಕಿಂಗ್ ಪಾತ್, ಬೇಲಿ, ಗೇಟು. ತಟ್ಟೆ ಥರ ಇದ್ದಿದ್ದನ್ನ ಬಕೆಟ್ ಮಾಡ್ತೀವಿ. ಆಳದ ನೀರಲ್ಲಿ ಹೆಜ್ಜಾರ್ಲೆ, ನೀರುಕಾಗೆ ಬರ್ತವೆ, ಸಂತೋಷ, ಆದ್ರೆ ಗದ್ದೆಗೊರವ ಎಲ್ಲಿ ನಿಲ್ಲಬೇಕು? ಸೊಪ್ಪು ಕೀಳೋಕೆ ಬರ್ತಿದ್ದ ಹೆಂಗಸರು, ದನಕ್ಕೆ ನೀರು ಕುಡಿಸ್ತಿದ್ದವರು ಗೇಟ್ ಹೊರಗೆ. ಇನ್ನೂ ಕೆಲವು ಕಡೆ ಕೊಳಚೆ ತಪ್ಪಿಸೋಕೆ ಕೆರೆ ಪಕ್ಕದಲ್ಲೇ ಬೇರೆ ಕಾಲುವೆ ತೆಗೆದು ಕೆಳಗಿನ ಕೆರೆಗೆ ಸಾಗಿಸ್ತಾರೆ, ಒಂದು ಬಡಾವಣೆ ಗೆಲ್ಲುತ್ತೆ, ಮುಂದಿನದು ಅನುಭವಿಸುತ್ತೆ.

ಜಕ್ಕೂರು ಕೆರೇಲಿ ಬೇರೆ ದಾರಿ ಹಿಡಿದ್ರು. ಅಲ್ಲಿ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಆಪು, ಜೊಂಡು ಬೆಳೆದ ಜೌಗಿಗೆ, ಆಮೇಲೆ ಕೆರೆಗೆ. ಗಿಡದ ಬೇರು ಮತ್ತೆ ಅದಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಉಳಿದ ನೈಟ್ರೋಜನ್, ಫಾಸ್ಫರಸ್‌ನ ಒಂದಷ್ಟು ಹೀರಿಕೊಳ್ತವೆ. ಇದು ವರ್ಷವಿಡೀ ತುಂಬಿರೋ ಕೆರೆಯೇ, ಹಳೇ ಥರ ಒಣಗೋ ಕೆರೆ ಅಲ್ಲ, ಆದ್ರೆ ಕೊಳಚೇನ ಒಪ್ಪಿಕೊಂಡು ಅದಕ್ಕೊಂದು ದಾರಿ ಮಾಡಿದಾರೆ ಅನ್ನೋದು ನನಗೆ ಮುಖ್ಯ ಅನ್ಸುತ್ತೆ. ಜೌಗು ಕೂಡ ತಾನಾಗೇ ನಡಿಯಲ್ಲ, ಬೆಳೆದ ಜೊಂಡನ್ನ ಆಗಾಗ ಕೊಯ್ದು ಹೊರಗೆ ಹಾಕದಿದ್ರೆ ಅದು ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ವಾಪಸ್ ಬಿಡುತ್ತೆ.

ಎಲ್ಲಾ ಕೆರೇನೂ ಹೀಗೇ ತುಂಬಿಸಬೇಕಾ? ನನ್ನ ಪ್ರಕಾರ ಬೇಡ. ಒಂದೊಂದು ಸರಣೀಲಿ ಒಂದೆರಡು ಸಣ್ಣ ಕೆರೆ ಮಳೆ ನೀರಿಗೇ ಬಿಡಿ, ಬೇಸಿಗೇಲಿ ಇಳೀಲಿ, ಒಣಗ್ಲಿ. ಮಳೆಗಾಲದಲ್ಲಿ ಜಾಗ ಖಾಲಿ ಇದ್ರೆ ತಾನೆ ಪ್ರವಾಹದ ನೀರು ಹಿಡಿಯೋಕಾಗೋದು? ಮೊದಲೇ ಕೋಡಿ ಮಟ್ಟಕ್ಕಿರೋ ಕೆರೆ ಮೇಲೆ 2022ರ ಸೆಪ್ಟೆಂಬರಂಥ ಮಳೆ ಬಿದ್ರೆ ಅದು ಒಂದು ಬಿಂದಿಗೇನೂ ಹಿಡ್ಕೊಳ್ಳಲ್ಲ, ಬಂದದ್ದನ್ನೆಲ್ಲ ಕೆಳಗಿನ ಬಡಾವಣೆಗೆ ದಾಟಿಸುತ್ತೆ. ಹಾಗಾಗಿ ನಿಮ್ಮ ಕೆರೆಗೆ ಹೊಸ ಪ್ಲಾನ್ ಬಂದಾಗ ಬೆಂಚು, ಲೈಟು ಎಷ್ಟು ಅಂತ ಕೇಳೋ ಮೊದಲು ಇದನ್ನ ಕೇಳಿ: ಒಳಗೆ ಬರೋ ಕಾಲುವೆಗಳಲ್ಲಿ ಬೇಸಿಗೇಲೂ ನೀರು ಹರೀತಿದ್ಯಾ, ತೂಬು ಕೆಲಸ ಮಾಡ್ತಿದ್ಯಾ, ಮಳೆಗೆ ಮುಂಚೆ ನೀರು ಇಳಿಸೋಕೆ ಯಾರ ಹತ್ರ ಅಧಿಕಾರ ಇದೆ, ಒಂದು ಬದಿ ಅಂಚನ್ನಾದ್ರೂ ಇಳಿಜಾರಾಗಿ, ಕಲ್ಲು ಕಟ್ಟದೆ ಬಿಡ್ತಾರಾ?