ಕಾರ್ತಿಕದಲ್ಲಿ ತಿರುಗುವ ನದಿ

ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ಅರಮನೆಯ ಎದುರಿಗೇ ನದಿ ಇದೆ. ನವೆಂಬರ್‌ನ ಒಂದು ಬೆಳಿಗ್ಗೆ ನಾನು ಅದರ ದಂಡೆಯ ಮೇಲೆ ಕೂತಿದ್ದೆ. ಮಳೆ ನಿಂತು ಕೆಲವೇ ದಿನಗಳಾಗಿದ್ದವು. ಆಕಾಶ ತೊಳೆದಿಟ್ಟ ಹಾಗಿತ್ತು. ಅಂತರಗಂಗೆಯ ಹಸಿರು ಗುಂಪುಗಳು ನೀರಿನ ಮೇಲೆ ಎಡದಿಂದ ಬಲಕ್ಕೆ ತೇಲಿ ಹೋಗುತ್ತಿದ್ದವು. ಜುಲೈ ತಿಂಗಳಲ್ಲಿ ಇದೇ ಜಾಗದಲ್ಲಿ ಕೂತರೆ ಅವು ಬಲದಿಂದ ಎಡಕ್ಕೆ ಹೋಗುತ್ತವೆ. ಈ ನದಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ.

ಇದರ ಹೆಸರು ಟೋನ್ಲೆ ಸಾಪ್. ಇದೇ ಹೆಸರಿನ ದೊಡ್ಡ ಸರೋವರದಿಂದ ಹೊರಟು, ಸುಮಾರು 120 ಕಿ.ಮೀ. ಹರಿದು ಮೆಕಾಂಗ್ ನದಿಯನ್ನು ಸೇರುತ್ತದೆ. ಜೋರು ಮಳೆಯಲ್ಲಿ ದೊಡ್ಡ ಚರಂಡಿ ತುಂಬಿದಾಗ, ಅದಕ್ಕೆ ಸೇರುವ ಸಣ್ಣ ಚರಂಡಿಯಲ್ಲಿ ನೀರು ಹಿಂದಕ್ಕೆ ನುಗ್ಗುವುದನ್ನು ನೋಡಿದ್ದೀರಿ ಅಲ್ವಾ? ಇಲ್ಲಿ ನಡೆಯುವುದೂ ಅದೇ. ಟಿಬೆಟ್ ಕಡೆಯ ಹಿಮ ಕರಗಿದ ನೀರು, ಲಾವೋಸ್ ಬೆಟ್ಟಗಳ ಮಳೆ ಎಲ್ಲ ಸೇರಿ ಮೆಕಾಂಗ್ ಉಕ್ಕುತ್ತದೆ. ಸಂಗಮದಲ್ಲಿ ನೀರಿನ ಮಟ್ಟ ಸರೋವರದ ಮಟ್ಟಕ್ಕಿಂತ ಮೇಲೇರುತ್ತದೆ. ನಡುವಿನ ನೆಲವೋ ತೀರಾ ಸಮತಟ್ಟು. ಹೀಗಾಗಿ ಜೂನ್ ಹೊತ್ತಿಗೆ ನೀರು ಸರೋವರದ ಕಡೆಗೆ ತಿರುಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಮೆಕಾಂಗ್ ಇಳಿದ ಮೇಲೆ ಮತ್ತೆ ವಾಪಸ್ ಹೊರಡುತ್ತದೆ.

ಏಪ್ರಿಲ್ ಕೊನೆಗೆ ಸರೋವರ ಸುಮಾರು 2,500 ಚದರ ಕಿ.ಮೀ. ಇರುತ್ತದೆ. ನಮ್ಮ ಕೊಡಗಿಗಿಂತ ಚಿಕ್ಕದು. ಆಳ ಒಂದು ಮೀಟರ್ ಆಸುಪಾಸು. ಒಳ್ಳೆಯ ಮಳೆಗಾಲದ ಕೊನೆಗೆ ಅದು ಸುಮಾರು 15,000 ಚದರ ಕಿ.ಮೀ. ಆಗುತ್ತದೆ, ಬೆಳಗಾವಿ ಜಿಲ್ಲೆಗಿಂತ ದೊಡ್ಡದು! ಆಳವೂ 8-9 ಮೀಟರ್‌ಗೆ ಏರುತ್ತದೆ.

ಮಳೆ ನಿಲ್ಲುವುದು ಏಕೆ? ನಮಗೆ ಮುಂಗಾರು ತರುವ ನೈಋತ್ಯದ ಗಾಳಿಯೇ ಆ ಕಡೆಗೂ ಮಳೆ ಹೊತ್ತೊಯ್ಯುತ್ತದೆ. ಚಳಿಗಾಲ ಬಂದಾಗ ಏಷ್ಯಾದ ಒಳನಾಡು ತಣ್ಣಗಾಗಿ, ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ಅದರಲ್ಲಿ ತೇವ ಇರುವುದಿಲ್ಲ ಅಂತಲ್ಲ. ದಕ್ಷಿಣ ಚೀನಾ ಸಮುದ್ರದ ಮೇಲೆ ಬರುವಾಗ ಬೇಕಾದಷ್ಟು ತೇವ ತುಂಬಿಕೊಳ್ಳುತ್ತದೆ. ಆದರೆ ವಿಯೆಟ್ನಾಂನ ಉದ್ದಕ್ಕೂ ಅನ್ನಮೈಟ್ ಬೆಟ್ಟಸಾಲು ಅಡ್ಡ ನಿಂತಿದೆ. ಗಾಳಿ ಅದನ್ನು ಹತ್ತುವಾಗ ಮಳೆಯೆಲ್ಲ ಆ ಕಡೆಯೇ ಸುರಿದುಹೋಗುತ್ತದೆ. ವಿಯೆಟ್ನಾಂನ ಹುಯೆ ನಗರಕ್ಕೆ ಅಕ್ಟೋಬರ್, ನವೆಂಬರ್ ತಿಂಗಳಲ್ಲೇ ಜಾಸ್ತಿ ಮಳೆ. ಬೆಟ್ಟ ಇಳಿದು ಕಾಂಬೋಡಿಯಾಕ್ಕೆ ಬರುವ ಗಾಳಿ ಒಣಗಿರುತ್ತದೆ. ಜೂನ್‌ನಲ್ಲಿ ಆಗುಂಬೆ ನೆನೆಯುವಾಗ ಚಿತ್ರದುರ್ಗ ಮೋಡ ನೋಡುತ್ತಾ ಕೂರುತ್ತದಲ್ಲ, ಅದೇ ಮಳೆ ನೆರಳು. ದಿಕ್ಕು ಮಾತ್ರ ತಿರುಗುಮುರುಗು.

ಮಳೆಯಿಲ್ಲದ ಕಾಲ ಅಂತ ಕೇಳಿ ನಾನು ಬಿರುಕು ಬಿಟ್ಟ ನೆಲವನ್ನು ಊಹಿಸಿಕೊಂಡು ಹೋಗಿದ್ದೆ. ಸಿಯೆಮ್ ರೀಪ್ ಹತ್ತಿರದ ಕಂಪೋಂಗ್ ಫ್ಲುಕ್ ಎಂಬ ಹಳ್ಳಿಯಲ್ಲಿ ಆ ಊಹೆ ಪೂರ್ತಿ ಬದಲಾಯಿತು. ಅಲ್ಲಿನ ಮನೆಗಳು ಎತ್ತರದ ಕಂಬಗಳ ಮೇಲಿವೆ. ನಮ್ಮ ದೋಣಿ ಸೀದಾ ಮನೆಗಳ ಮೆಟ್ಟಿಲ ಹತ್ತಿರವೇ ಹೋಯಿತು. ಏಪ್ರಿಲ್‌ನಲ್ಲಿ ಬಂದರೆ ಅದೇ ಜಾಗ ದೂಳೆದ್ದ ರಸ್ತೆ. ಹಳ್ಳಿ ದಾಟಿದರೆ ಕಾಡು. ಮರಗಳು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಿದ್ದವು. 1296ರಲ್ಲಿ ಚೀನಾದ ರಾಯಭಾರಿ ತಂಡದ ಜೊತೆ ಇಲ್ಲಿನ ಆಗಿನ ರಾಜಧಾನಿ ಅಂಗ್ಕೋರ್‌ಗೆ ಬಂದಿದ್ದ ಝೌ ದಾಗ್ವಾನ್ ಕೂಡ ಇದನ್ನೇ ಬರೆದಿಟ್ಟಿದ್ದಾನೆ. ಅರ್ಧ ವರ್ಷ ಮಳೆ, ಅರ್ಧ ವರ್ಷ ಒಂದು ಹನಿಯೂ ಇಲ್ಲ, ದೊಡ್ಡ ಮರಗಳ ತುದಿ ಮಾತ್ರ ಕಾಣುತ್ತದೆ ಅಂತ.

ಈ ಮುಳುಗಿದ ಕಾಡೇ ಕಾಂಬೋಡಿಯಾದ ಅಡುಗೆಮನೆಯ ಮೂಲ. ಹಲವು ಜಾತಿಯ ಮೀನುಗಳು ಮೆಕಾಂಗ್‌ನ ಮೇಲ್ಭಾಗದಲ್ಲಿ ಮೊಟ್ಟೆಯಿಡುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಗಳು ಹೊಳೆಯ ಜೊತೆ ಸುಮ್ನೆ ತೇಲುತ್ತಾ ಬರುತ್ತವೆ. ಅವು ಬರುವ ಹೊತ್ತಿಗೆ ಸರಿಯಾಗಿ ನದಿ ಸರೋವರದ ಕಡೆ ತಿರುಗಿರುತ್ತದೆ. ಕಾಡಿನೊಳಗೆ ಹುಳ, ಎಲೆ, ಹಣ್ಣು, ಪಾಚಿ ತಿಂದು ಬೆಳೆಯುತ್ತವೆ. ನೀರು ಇಳಿಯತೊಡಗಿದಾಗ ಮತ್ತೆ ಮೆಕಾಂಗ್ ಕಡೆ ಹೊರಡುತ್ತವೆ. ಬೆಸ್ತರು ನದಿಗೆ ಅಡ್ಡಲಾಗಿ 'ದೈ' ಎಂಬ ದೊಡ್ಡ ಚೀಲದಂಥ ಬಲೆಗಳನ್ನು ಸಾಲಾಗಿ ಕಟ್ಟಿ ಕಾಯುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಹುಣ್ಣಿಮೆಗೆ ಮುಂಚಿನ ಕೆಲವು ದಿನ ಬಲೆಗೆ ಬೀಳುವಷ್ಟು ಮೀನು ಬೇರೆ ಯಾವಾಗಲೂ ಬೀಳುವುದಿಲ್ಲ. ಆಗ ಭತ್ತ ಬೆಳೆಯುವ ಊರುಗಳ ಜನ ದಂಡೆಗೆ ಬಂದು ಮೀನು ಕೊಂಡು, ಉಪ್ಪು ಹಾಕಿ ಹುದುಗಿಸಿ 'ಪ್ರಹೋಕ್' ಮಾಡಿಟ್ಟುಕೊಳ್ಳುತ್ತಾರೆ. ವರ್ಷವಿಡೀ ಅವರ ಸಾರಿಗೆ ಅದೇ ರುಚಿ.

ನದಿ ತಿರುಗುವುದನ್ನು ಅವರು ಹಬ್ಬ ಮಾಡಿ ಆಚರಿಸುತ್ತಾರೆ. ಅದು ಬರುವುದು ಕಾಂಬೋಡಿಯಾದವರ ಖ್ಮೇರ್ ಪಂಚಾಂಗದ 'ಕದಕ್' ತಿಂಗಳ ಹುಣ್ಣಿಮೆಗೆ. ಕದಕ್ ಅಂದರೆ ನಮ್ಮ ಕಾರ್ತಿಕವೇ! ಅರಮನೆಯ ಮುಂದೆ ಉದ್ದುದ್ದ ದೋಣಿಗಳ ಸ್ಪರ್ಧೆ ನಡೆಯುತ್ತದೆ. ರಾತ್ರಿ ಚಂದ್ರನಿಗೆ ಕೈಮುಗಿದು 'ಅಂಬೋಕ್' ತಿನ್ನುತ್ತಾರೆ. ಹೊಸ ಭತ್ತವನ್ನು ಹುರಿದು, ಒರಳಿನಲ್ಲಿ ಕುಟ್ಟಿ ಚಪ್ಪಟೆ ಮಾಡಿದ ಅವಲಕ್ಕಿ ಅದು. ಜೊತೆಗೆ ಬಾಳೆಹಣ್ಣು, ಎಳನೀರು. ಬಾಯಿಗೆ ಹಾಕಿಕೊಂಡಾಗ ನನಗೆ ಅಮ್ಮನ ಅಡುಗೆಮನೆ ನೆನಪಾಯಿತು.

ಆದರೆ ಈ ನೀರಿನ ಲೆಕ್ಕ ತಪ್ಪುತ್ತಿದೆ ಎಂಬ ಚಿಂತೆ ನನಗೆ ಬಹಳ ಇದೆ. 2019 ಮತ್ತು 2020ರಲ್ಲಿ ಮಳೆ ಕಡಿಮೆಯಾಗಿ ಮೆಕಾಂಗ್ ತೀರಾ ಇಳಿದಿತ್ತು. ನದಿ ತಡವಾಗಿ ತಿರುಗಿತು, ಸರೋವರ ಸರಿಯಾಗಿ ತುಂಬಲಿಲ್ಲ. ಮೇಲಿನ ದೇಶಗಳ ಅಣೆಕಟ್ಟುಗಳು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುತ್ತವೆ. ಒಟ್ಟು ನೀರು ಅಷ್ಟೇ ಇದ್ದರೂ ಏರಿಳಿತ ಕಡಿಮೆಯಾಗುತ್ತದೆ. ಏರದಿದ್ದರೆ ಕಾಡು ಮುಳುಗುವುದಿಲ್ಲ, ಮರಿಗಳಿಗೆ ಮೇವಿಲ್ಲ. ಇಲ್ಲಿಂದ ಹೊರಟ ನೀರು ವಿಯೆಟ್ನಾಂನ ಮೆಕಾಂಗ್ ಮುಖಜಭೂಮಿಯಲ್ಲಿ ಸಮುದ್ರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುತ್ತದೆ. ಹಾಗಾಗಿ ಕಾಂಬೋಡಿಯಾದ ಸರೋವರ ತುಂಬದಿದ್ದರೆ ವಿಯೆಟ್ನಾಂನ ರೈತನಿಗೂ ಕಷ್ಟ.

ಕಂಪೋಂಗ್ ಫ್ಲುಕ್‌ನಲ್ಲಿ ನಾನೊಂದು ಲೆಕ್ಕ ಹಾಕಿದೆ. ಆರು ತಿಂಗಳಲ್ಲಿ 7 ಮೀಟರ್‌ಗೂ ಜಾಸ್ತಿ ನೀರು ಇಳಿಯಬೇಕಾದರೆ ದಿನಕ್ಕೆ ಸರಾಸರಿ 4 ಸೆಂಟಿಮೀಟರ್. ಎರಡು ಬೆರಳಷ್ಟು. ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲ ಹತ್ತಿರ ಹೋಗಿ ನೋಡಿದೆ. ನಿನ್ನೆ ತೆಳುವಾದ ನೀರಿನ ಕೆಳಗಿದ್ದ ಮೆಟ್ಟಿಲು ಹೊರಗೆ ಬಂದಿತ್ತು. ಅದರ ಮೇಲೆ ಆಗಲೇ ಯಾರೋ ಚಪ್ಪಲಿ ಬಿಟ್ಟಿದ್ದರು.