ಒಬ್ಬಳಿಗೇಂತ ಯಾರು ಒಲೆ ಹಚ್ತಾರೆ?

ಮಂಡ್ಯದ ನನ್ನ ಕ್ಲಿನಿಕ್ಕಿಗೆ ಬರುವ ಹಿರಿಯರಿಗೆ ಬಿಪಿ ನೋಡುವ ಮೊದಲೇ ಕೇಳುತ್ತೇನೆ: "ನೆನ್ನೆ ರಾತ್ರಿ ಏನ್ ಊಟ? ಯಾರ್ ಜೊತೆ?" ಮಕ್ಕಳು ಬೆಂಗಳೂರು ಸೇರಿ ಒಂಟಿಯಾದವರ ಉತ್ತರ ಹೆಚ್ಚುಕಡಿಮೆ ಒಂದೇ. "ಒಬ್ಬಳಿಗೇಂತ ಯಾರು ಒಲೆ ಹಚ್ತಾರೆ ಡಾಕ್ಟ್ರೇ? ಒಂದ್ ಲೋಟ ಟೀ, ಒಂದ್ ಬನ್ನು."

ಟೀ ಬನ್ನಿಗೆ ಹಸಿವು ಸಾಯುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಇಳಿವಯಸ್ಸಿನಲ್ಲಿ ಸ್ನಾಯು ಕರಗದಿರಲು ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕು. ಅದು ಹುರುಳಿಕಾಳಿನ ಸಾರು, ಮೊಟ್ಟೆ, ಮೊಸರಿನಿಂದ ಬರಬೇಕು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗಿ ಊಟ ಬಿಟ್ಟರಂತೂ ಸಕ್ಕರೆ ದಿಢೀರನೆ ಇಳಿದು ತಲೆಸುತ್ತಿ ಬೀಳುತ್ತಾರೆ. ಟಾನಿಕ್ ಬರೆದುಕೊಟ್ಟು ಕೈತೊಳೆದುಕೊಳ್ಳಬಹುದು, ಆದರೆ ಇವರಿಗೆ ಬೇಕಿರುವುದು ಪಕ್ಕದಲ್ಲಿ ಕೂತು ಉಣ್ಣುವವರು. ಜೊತೆಯಿದ್ದರೆ ಎರಡು ತುತ್ತು ಜಾಸ್ತಿಯೇ ಇಳಿಯುತ್ತದೆ. ನಮ್ಮ ಮುದ್ದೆಯನ್ನು ಹೇಗೂ ಅಗಿಯುವಂತಿಲ್ಲ, ಹಲ್ಲು ಬಿದ್ದವರಿಗೂ ನಾಲ್ಕು ಜನರೆದುರು ಸಂಕೋಚವಿಲ್ಲ.

ಒಂಟಿತನ ಬರೀ ನಮ್ಮೂರಿನ ಕಷ್ಟವಲ್ಲ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಸಂಪರ್ಕಕ್ಕೆಂದೇ ಒಂದು ಆಯೋಗ ರಚಿಸಿತು. ಹಿರಿಯರು ಕೂಡಿ ಉಣ್ಣಲಿ ಎಂದರೆ "ನಮ್ಮಲ್ಲಿ ಆದಿಚುಂಚನಗಿರಿ, ಸುತ್ತೂರು ಮಠಗಳ ದಾಸೋಹ ಇದೆಯಲ್ಲ" ಎನ್ನುವವರಿದ್ದಾರೆ. ಇದೆ, ದೊಡ್ಡ ಕೆಲಸವೇ. ಆದರೆ ಅಲ್ಲಿ ಉಂಡು ಎದ್ದು ಬರುತ್ತೇವೆ, ಪಕ್ಕದ ಎಲೆಯವರ ಹೆಸರೂ ಗೊತ್ತಿರುವುದಿಲ್ಲ. ನಾನು ಹೇಳುತ್ತಿರುವುದು ಬೀದಿಯ ಹತ್ತು ಹದಿನೈದು ಹಿರಿಯರು ವಾರಕ್ಕೆ ಒಂದೆರಡು ಸಲವಾದರೂ ತಪ್ಪದೆ ಸೇರುವ ಊಟ. ಅಲ್ಲಿ ಒಬ್ಬರು ಬಾರದಿದ್ದರೆ "ಯಾಕೋ ಸಿದ್ದಮ್ಮ ಬರ್ನಿಲ್ವಲ್ಲ" ಎಂದು ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ಹೇಳಿದ್ದನ್ನೇ ಹೇಳುವ ಮರೆವು, ಕೈ ನಡುಕ, ಸಡಿಲವಾದ ರವಿಕೆ ಜೊತೆಯವರಿಗೆ ನನಗಿಂತ ಮೊದಲೇ ಕಾಣುತ್ತವೆ.

ಕಷ್ಟ ಇರುವುದು ಗಂಡಸರದ್ದು, ಅದರಲ್ಲೂ ಹೆಂಡತಿ ತೀರಿಕೊಂಡವರದ್ದು. ಅಡುಗೆ ಬಾರದು, ಬಿಟ್ಟಿ ಊಟಕ್ಕೆ ಮರ್ಯಾದೆ ಅಡ್ಡ. ಅಂಥವರನ್ನು ಊಟಕ್ಕೆ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ. ಅವರೇಕಾಯಿ ಕಾಲದಲ್ಲಿ ಕಾಯಿ ಬಿಡಿಸಿ, ನೆನೆದ ಕಾಳು ಹಿತುಕಲು ಎಷ್ಟು ಕೈ ಇದ್ದರೂ ಸಾಲದು. ಹಿತ್ತಲ ಸೊಪ್ಪು, ಒಂದು ಸೇರು ರಾಗಿ ತಂದುಕೊಟ್ಟವರು ಎಲೆ ಮುಂದೆ ತಲೆ ತಗ್ಗಿಸುವುದಿಲ್ಲ.

ಇನ್ನೊಂದು ಮಾತು ಮುಚ್ಚಿಡುವಂಥದ್ದಲ್ಲ. ಯಾರ ಪಕ್ಕ ಯಾರು ಕೂರಬೇಕೆಂಬ ಲೆಕ್ಕ ನಮ್ಮ ಹಳ್ಳಿಗಳಲ್ಲಿ ಇನ್ನೂ ಮುಗಿದಿಲ್ಲ. ಒಂದು ಕೇರಿಯವರು ಮಾತ್ರ ಸೇರಿದರೆ ಅದು ಮನೆಯೂಟವೇ ಸರಿ, ಅತಿ ಒಂಟಿಯಾದವರು ಹೊರಗೇ ಉಳಿಯುತ್ತಾರೆ. ಹಾಗಾಗಿ ಯಾರ ಮನೆ ಜಗುಲಿಯೂ ಬೇಡ, ಮಧ್ಯಾಹ್ನ ಖಾಲಿಯಿರುವ ಸಮುದಾಯ ಭವನವೇ ಸರಿ. ಚಾಪೆ ಹಾಸಬೇಡಿ, ಮಂಡಿ ನೋವಿನವರಿಗೆ ಮೇಜು ಕುರ್ಚಿ ಹಾಕಿ. ಶೌಚಾಲಯ ಹತ್ತಿರವಿರಲಿ. ಇಲ್ಲದಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ.